ಕೈ ತೆಗೆಯುವುದನ್ನು ಕಲಿಯಲು ಎಂಟು ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕುದುರೆ ಸವಾರಿ ಬರುವುದಿಲ್ಲ. ಎಂಟು ತಿಂಗಳಿನಿಂದ ಹೆಚ್ಚುಕಮ್ಮಿ ಪ್ರತಿ ಭಾನುವಾರ ಕುದುರೆಗಳ ಜೊತೆ ಇದ್ದೇನೆ, ಒಂದು ಸಲವೂ ಬೆನ್ನ ಮೇಲೆ ಕೂತಿಲ್ಲ. ಹಾಸ್ಟೆಲ್‌ನಲ್ಲಿ ಇದೊಂದು ತಮಾಷೆ. "ಎಲ್ಲರೂ ಕುದುರೆ ಹತ್ತೋದು ಕಲೀತಾರೆ, ಇವಳು ಕುದುರೆ ಕಾಲು ಒತ್ತೋದು ಕಲೀತಿದಾಳೆ" ಅಂತ ನನ್ನ ರೂಮ್‌ಮೇಟ್ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳೇನಲ್ಲ ಬಿಡಿ.

ನಾನು ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಓದುತ್ತಿದ್ದೇನೆ. ಊರು ತೀರ್ಥಹಳ್ಳಿ ಕಡೆ. ನಮ್ಮಲ್ಲಿ ದನ ಗೊತ್ತು, ಎಮ್ಮೆ ಗೊತ್ತು, ನಾಯಿ ಗೊತ್ತು. ಕುದುರೆ ಅಂದರೆ ವೀರಗಲ್ಲಿನ ಮೇಲೆ ಇರುವುದು, ಕೊಟ್ಟಿಗೆಯಲ್ಲಲ್ಲ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಹೋಗುತ್ತಿದ್ದವು. ಹೋದವು ಅಷ್ಟೇ, ಮಲೆನಾಡಿನಲ್ಲಿ ನಿಲ್ಲಲಿಲ್ಲ. ಅರ್ಧ ವರ್ಷ ನೆಲ ಒಣಗದ ಜಾಗದಲ್ಲಿ ಕುದುರೆ ಯಾಕಾದರೂ ನಿಲ್ಲುತ್ತದೆ ಹೇಳಿ. ಅನಾಟಮಿಯಲ್ಲೂ ನಾವು ಮೊದಲು ಎತ್ತನ್ನು ಕಲಿತು, ಆಮೇಲೆ ಕುದುರೆಯಲ್ಲಿ ಎಲ್ಲೆಲ್ಲಿ ಬೇರೆ ಅಂತ ನೋಡುತ್ತೇವೆ. ಎತ್ತಿಗೆ 13 ಜೊತೆ ಪಕ್ಕೆಲುಬು, ಕುದುರೆಗೆ 18. ಹೀಗೆ ನನಗೆ ಕುದುರೆಯ ಮೂಳೆಯೆಲ್ಲ ಬಾಯಿಪಾಠ ಇತ್ತು. ಆದರೆ ಉಸಿರಾಡುವ ಕುದುರೆಯ ಪಕ್ಕ ನಿಂತೇ ಇರಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಸೀನಿಯರ್ ಒಬ್ಬರು ಗಾಜನೂರು ಕಡೆಯ ಒಂದು ತೋಟಕ್ಕೆ ಕರೆದುಕೊಂಡು ಹೋದರು. ಸಕ್ರೆಬೈಲಿಗೆ ಹೋಗುವ ದಾರಿ. ಬೆಳಿಗ್ಗೆ ಆ ರಸ್ತೆಯಲ್ಲಿ ಹೋಗುವ ಕಾರುಗಳೆಲ್ಲ ತುಂಗೆಯ ಹಿನ್ನೀರಿನಲ್ಲಿ ಆನೆ ಸ್ನಾನ ಮಾಡುವುದನ್ನು ನೋಡಲು ಹೊರಟಿರುತ್ತವೆ. ಈಚೆಗೆ ಅಡಿಕೆ ಮರಗಳ ಹಿಂದೆ ಮೂರು ಕುದುರೆ ಇರುವುದು ಯಾರಿಗೂ ಗೊತ್ತಿಲ್ಲ. ಒಂದು, ರೇಸಿನಿಂದ ರಿಟೈರ್ ಆದ ಎತ್ತರದ ಕಂದು ಹೆಣ್ಣು ಕುದುರೆ. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತಂತೆ, ಈಗ ಚಂಪಾ. ಇನ್ನೊಂದು ಕಾಠಿಯಾವಾಡಿ ಮಿಶ್ರ ತಳಿ, ಕಿವಿಗಳ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ಮುಟ್ಟುವ ಹಾಗಿರುತ್ತವೆ. ಮೂರನೆಯದು ಮೋತಿ, ಬಿಳಿ ತಟ್ಟು. ಮದುವೆ ದಿಬ್ಬಣದಲ್ಲಿ ಮದುಮಗನನ್ನು ಹೊತ್ತು ಹೊತ್ತು ಸಾಕಾಗಿ ಇಲ್ಲಿಗೆ ಬಂದದ್ದು.

ಮೂರನ್ನೂ ನೋಡಿಕೊಳ್ಳುವವರು ಒಬ್ಬರು ವಯಸ್ಸಾದವರು. ಎಲ್ಲರೂ ಚಾಚಾ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಶಿವಮೊಗ್ಗದಲ್ಲಿ ಜಟಕಾ ಓಡಿಸುತ್ತಿದ್ದರು. ಆಟೋಗಳು ಜಾಸ್ತಿ ಆದ ಮೇಲೆ ಬಾಡಿಗೆ ಸಿಗದೆ ಗಾಡಿ ಮಾರಿದರು, ಕುದುರೆ ಮಾರಲಿಲ್ಲ. ಅದು ಸಾಯುವವರೆಗೂ ಮನೆ ಹಿಂದೆ ಕಟ್ಟಿಕೊಂಡು ಹುರುಳಿ ಬೇಯಿಸಿ ಹಾಕಿದರಂತೆ. ನಾನು ಮೊದಲ ದಿನ ನೋಟ್‌ಬುಕ್ ತೆಗೆದುಕೊಂಡು ಹೋಗಿದ್ದೆ. ಚಾಚಾ ಅದನ್ನು ನೋಡಿ, "ಅದನ್ನ ಅಲ್ಲಿ ಇಡು ಮಗಳೇ, ಇದು ತಿಂದುಬಿಡುತ್ತೆ" ಅಂದರು. ಎರಡನೇ ವಾರ ಮೋತಿ ನಿಜವಾಗಿಯೂ ತಿಂತು.

ಮಸಾಜ್ ಶುರುವಾಗಿದ್ದು ಜನವರಿಯಲ್ಲಿ. ಬೆಂಗಳೂರಿನಿಂದ ಒಬ್ಬ ಮೇಡಂ ಬಂದು ಎರಡು ದಿನ ಅಲ್ಲೇ ಉಳಿದು ನಾಲ್ಕು ಜನಕ್ಕೆ ಕಲಿಸಿದರು. ಮೊದಲ ದಿನ ಮಧ್ಯಾಹ್ನದವರೆಗೆ ಕುದುರೆ ಮುಟ್ಟಲು ಬಿಡಲೇ ಇಲ್ಲ. ಸುಮ್ನೆ ನಿಂತು ನೋಡಬೇಕು. ಯಾವ ಕಾಲಿಗೆ ಭಾರ ಬಿಡುತ್ತೆ, ತಿರುಗುವಾಗ ಯಾವ ಕಡೆ ಬೆನ್ನು ಬಾಗುವುದಿಲ್ಲ, ಹುಲ್ಲಿಗೆ ತಲೆ ಬಗ್ಗಿಸಿದಾಗ ಯಾವಾಗಲೂ ಅದೇ ಮುಂಗಾಲು ಮುಂದಿಡುತ್ತದಾ. ನನಗೆ ಬೋರ್ ಆಗಿತ್ತು, ಸುಳ್ಳು ಹೇಳಲ್ಲ. ಮಧ್ಯಾಹ್ನ ಊಟ ಆದ ಮೇಲೆ ಅವರು ಕೇಳಿದ ಪ್ರಶ್ನೆಗೆ ಮಾತ್ರ ನನ್ನ ತಲೆ ತಿರುಗಿತು. "ಕುದುರೆಯ ಮುಂಗಾಲು ಮೈಗೆ ಹೇಗೆ ಅಂಟಿಕೊಂಡಿದೆ?"

ಉತ್ತರ ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದಿದ್ದೆ. ಕುದುರೆಗೆ ಕೊರಳೆಲುಬು ಇಲ್ಲ. ನಮ್ಮ ತೋಳು ಕೊರಳೆಲುಬಿನ ಮೂಲಕ ಎದೆಗೂಡಿಗೆ ಸೇರಿಕೊಂಡಿದೆ ಅಲ್ವಾ, ಕುದುರೆಗೆ ಅಂಥ ಮೂಳೆಯ ಕೊಂಡಿಯೇ ಇಲ್ಲ. ಎರಡು ಮುಂಗಾಲುಗಳ ನಡುವೆ ಇಡೀ ಎದೆಗೂಡು ಬರೀ ಸ್ನಾಯುಗಳ ಮೇಲೆ ತೊಟ್ಟಿಲಿನ ಹಾಗೆ ತೂಗಿಕೊಂಡಿದೆ. ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಬೀಳುವುದೂ ಮುಂಗಾಲುಗಳ ಮೇಲೆಯೇ. ಇದನ್ನು ಓದಿದ್ದು ಒಂದು, ಚಂಪಾಳ ಎದೆಯ ಕೆಳಗೆ, ಜೀನಿನ ಪಟ್ಟಿ ಬಿಗಿಯುವ ಜಾಗದಲ್ಲಿ, ಅಂಗೈ ಇಟ್ಟು ಆ ಸ್ನಾಯು ಹಗ್ಗದ ಹಾಗೆ ಬಿಗಿದಿರುವುದನ್ನು ಮುಟ್ಟಿ ನೋಡಿದ್ದು ಇನ್ನೊಂದು. 450 ಕೇಜಿಯ ಪ್ರಾಣಿಯ ಮುಂಭಾಗವನ್ನು ಹೊತ್ತು ನಿಂತಿರುವುದು ಅದು. ಅಲ್ಲಿ ನೋವಿದ್ದರೆ ಪಟ್ಟಿ ಬಿಗಿಯುವಾಗ ಕುದುರೆ ಕಚ್ಚಲು ಬರುತ್ತೆ, ನಾವು "ಇದು ತಂಟೆ ಕುದುರೆ" ಅನ್ನುತ್ತೇವೆ.

ಆಟಗಾರರಿಗೆ ಮಾಡುವ ಮಸಾಜನ್ನು ಕುದುರೆಗೆ ಅಂತ ಕ್ರಮವಾಗಿ ಹೊಂದಿಸಿದವರಲ್ಲಿ ಅಮೆರಿಕದ ಜ್ಯಾಕ್ ಮೀಗರ್ ಮೊದಲಿಗರು ಅಂತ ಮೇಡಂ ಹೇಳಿದರು. ಆಮೇಲೆ ಲಿಂಡಾ ಟೆಲಿಂಗ್ಟನ್ ಜೋನ್ಸ್ ಅನ್ನುವವರ ವಿಧಾನ. ಬೆರಳ ತುದಿಯಲ್ಲಿ ಚರ್ಮವನ್ನು ಹಗುರಾಗಿ ಒಂದೂಕಾಲು ಸುತ್ತು ತಿರುಗಿಸಿ ಮುಂದಿನ ಜಾಗಕ್ಕೆ ಹೋಗುವುದು. ಒಂದು ಸುತ್ತಲ್ಲ, ಒಂದೂಕಾಲು. ನಾವು ನಾಲ್ಕೂ ಜನ ಒಬ್ಬರ ಬೆನ್ನ ಮೇಲೆ ಒಬ್ಬರು ಒಂದೂಕಾಲು ಸುತ್ತು ಅಭ್ಯಾಸ ಮಾಡಿದೆವು. ಚಾಚಾ ಬೇಲಿಯ ಆಚೆ ನಿಂತು ಬೀಡಿ ಹಚ್ಚಿಕೊಂಡು ನಗುತ್ತಿದ್ದರು.

ಯಾಕೆ ನಕ್ಕಿರಿ ಅಂತ ಸಂಜೆ ಕೇಳಿದೆ. "ಇದನ್ನ ಕಲಿಸೋಕೆ ಬೆಂಗಳೂರಿಂದ ಬರ್ಬೇಕಾ? ನಮ್ಮಪ್ಪ ದಿನಾ ಮಾಲೀಸು ಮಾಡ್ತಿದ್ರು" ಅಂದರು. ಆಮೇಲೆ ಮಾಡಿ ತೋರಿಸಿದರು. ಒಣ ಹುಲ್ಲನ್ನು ಹಗ್ಗದ ಹಾಗೆ ಹೊಸೆದು, ಎಂಟರ ಆಕಾರಕ್ಕೆ ಸುತ್ತಿ ಒಂದು ಹಿಡಿಯಷ್ಟು ಮಾಡಿಕೊಂಡರು. ಅದರಿಂದ ಕೊರಳು, ಭುಜ, ಸೊಂಟ, ತೊಡೆ, ಕೂದಲು ಹೋಗುವ ದಿಕ್ಕಿನಲ್ಲೇ ಉದ್ದಕ್ಕೆ. ಬೆನ್ನುಮೂಳೆ ಮುಟ್ಟಲಿಲ್ಲ, ಮೂತ್ರಪಿಂಡದ ಮೇಲಿನ ಜಾಗವನ್ನು ಬಿಟ್ಟರು. ಆಮೇಲೆ ಹುಲ್ಲು ಬಿಸಾಕಿ ಮುಂಗೈ ಇಟ್ಟರು. ತಳ್ಳುತ್ತಿಲ್ಲ, ಸುಮ್ನೆ ತಮ್ಮ ಮೈಭಾರವನ್ನು ಕುದುರೆಗೆ ಒರಗಿಸಿ, ಉಸಿರು ಬಿಟ್ಟಂತೆ ಜಾರಿಸುತ್ತಾ ಹೋದರು. ಚಂಪಾಳ ಕೆಳತುಟಿ ಜೋತುಬಿತ್ತು. ಮೇಡಂ ಇದನ್ನು ನೋಡಿ ಒಂದು ಮಾತೂ ಆಡದೆ ಮೊಬೈಲ್ ತೆಗೆದು ವಿಡಿಯೋ ಮಾಡಿಕೊಂಡರು. ಆ ಎರಡು ದಿನದಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಅದು.

ನನ್ನ ಕೈಗೆ ಮಾತ್ರ ಇದು ಹತ್ತಲಿಲ್ಲ. ನಾನು ಹೆಬ್ಬೆರಳು ಹಾಕಿ ಒತ್ತುತ್ತಿದ್ದೆ. ಗಂಟು ಸಿಕ್ಕರೆ ಬಿಡಿಸಿಯೇ ತೀರಬೇಕು ಅನ್ನುವ ಹಠ. ಫೆಬ್ರವರಿಯ ಒಂದು ಭಾನುವಾರ ಚಂಪಾಳ ಬೆನ್ನಿನಲ್ಲಿ, ಎತ್ತಿಗೆ ಹಿಣಿಲು ಇರುವ ಜಾಗದಿಂದ ಒಂದು ಗೇಣು ಹಿಂದೆ, ಅಂಥದ್ದೊಂದು ಗಂಟು ಸಿಕ್ಕಿತು. ಒತ್ತಿದೆ. ಕಿವಿ ಹಿಂದಕ್ಕೆ ಹೋಯಿತು, ನೋಡಿದೆ. ಇನ್ನೂ ಒತ್ತಿದೆ. ಬೆನ್ನು ತಗ್ಗಿಸಿತು, ಬಾಲ ಬೀಸಿತು. ನೊಣ ಇರಬೇಕು ಅಂದುಕೊಂಡೆ. ಮುಂದಿನ ಕ್ಷಣ ಅವಳ ಹಲ್ಲು ನನ್ನ ಮುಂಗೈ ಮೇಲಿತ್ತು.

ರಕ್ತ ಬರಲಿಲ್ಲ, ಎರಡು ವಾರ ನೇರಳೆ ಹಣ್ಣಿನ ಬಣ್ಣಕ್ಕೆ ಊದಿಕೊಂಡಿತ್ತು. ಊರಿಗೆ ಹೋದಾಗ ಬಾಗಿಲಿಗೆ ತಾಗಿದ್ದು ಅಂದೆ. ಅಮ್ಮ ನಂಬಲಿಲ್ಲ. "ಬಾಗಿಲಿಗೆ ಹಲ್ಲು ಯಾವಾಗ ಬಂತೇ ಮಾರಾಯ್ತಿ? ಅಧಿಕಾರಿ ಮುಂದೆ ಹೋಗ್ಬಾರ್ದು, ಕುದುರೆ ಹಿಂದೆ ಹೋಗ್ಬಾರ್ದು ಅಂತಾರೆ. ನಿನ್ನನ್ನ ಅಧಿಕಾರಿ ಆಗು ಅಂತ ಕಳಿಸಿದ್ರೆ ಕುದುರೆ ಹಿಂದೆ ಹೋದ್ಯಲ್ಲೇ" ಅಂದಳು. ಅಮ್ಮನ ಗಾದೆಗೆ ಒಂದು ಸಣ್ಣ ತಿದ್ದುಪಡಿ: ಕುದುರೆಯ ಹಿಂದೆ ಹೋಗಬಹುದು. ಒಂದೋ ಕಾಲಿಗೆ ಎಟುಕದಷ್ಟು ದೂರ, ಇಲ್ಲವೇ ಸೊಂಟದ ಮೇಲೆ ಕೈ ಇಟ್ಟು ಮೈಗೆ ಅಂಟಿಕೊಂಡಷ್ಟು ಹತ್ತಿರ. ಹತ್ತಿರ ಇದ್ದರೆ ಒದೆತಕ್ಕೆ ವೇಗ ಸಿಗುವುದಿಲ್ಲ. ಅಪಾಯ ಇರುವುದು ನಡುವಿನ ದೂರದಲ್ಲಿ.

ಕಚ್ಚಿದ ಮಾರನೇ ವಾರ ಚಾಚಾ ನನ್ನ ಕೈ ತಿರುಗಿಸಿ ನೋಡಿದರು. "ಅವಳು ಎಷ್ಟು ಸಲ ಹೇಳಿದ್ಲು?" ಅಂತ ಕೇಳಿದರು. ನಾನು ಲೆಕ್ಕ ಹಾಕಿದೆ. ಕಿವಿ, ಬೆನ್ನು, ಬಾಲ. ಮೂರು ಸಲ. "ನಾಲ್ಕನೇ ಸಲ ಕಚ್ಚಿದ್ಲು. ನಮ್ಮ ಮನೇಲಿ ಎರಡನೇ ಸಲಕ್ಕೇ ಸೌಟು ಬರುತ್ತೆ" ಅಂದರು. ಆಮೇಲೆ ಕೈ ಹಿಡಿದು ತೋರಿಸಿದರು. "ಮನೇಲಿ ಅಕ್ಕಿ ರೊಟ್ಟಿ ಮಾಡ್ತೀರಲ್ಲ, ಹಿಟ್ಟಿಗೆ ಬೆರಳು ಚುಚ್ತೀಯಾ? ಅಂಗೈ ಹಾಕು."

ನೊಣ ಅಂದೆನಲ್ಲ, ಅದರ ಬಗ್ಗೆ ಹೇಳಲೇಬೇಕು. ಕುದುರೆಯ ಚರ್ಮದ ಕೆಳಗೆ ಹಾಳೆಯಂಥ ಒಂದು ಸ್ನಾಯು ಇದೆ. ಒಂದು ನೊಣ ಕೂತರೆ ಅಷ್ಟೇ ಜಾಗದ ಚರ್ಮವನ್ನು ಅದುರಿಸಿ ಓಡಿಸುತ್ತೆ. ಒಂದು ನೊಣದ ಕಾಲು ಗೊತ್ತಾಗುವ ಮೈ ಅದು. ಆ ಮೈಗೆ ನಾನು ಹೆಬ್ಬೆರಳು ಹಾಕಿ ಮೈಭಾರ ಬಿಟ್ಟಿದ್ದೆ.

ಮಾರ್ಚ್ ತಿಂಗಳಿಡೀ ನಾನು ಮಾಡಿದ್ದು ಒಂದೇ ಕೆಲಸ. ಅಂಗೈಯನ್ನು ಎಡಗಡೆ ಕೊರಳ ಮೇಲೆ ಇಟ್ಟು, ಮೊಟ್ಟೆಯನ್ನು ಹಿಡಿದಷ್ಟೇ ಭಾರದಲ್ಲಿ, ಬಹಳ ನಿಧಾನಕ್ಕೆ ಹಿಂದಕ್ಕೆ ಸರಿಸುವುದು. ಎಲ್ಲಾದರೂ ಕಣ್ಣು ಮಿಟುಕಿಸಿದರೆ, ಉಸಿರು ಹಿಡಿದರೆ, ಅಲ್ಲಿ ನಿಲ್ಲುವುದು. ಒತ್ತುವಂತಿಲ್ಲ, ಉಜ್ಜುವಂತಿಲ್ಲ. ಕಾಯುವುದು. ಕೆಲವು ಸಲ ಅರ್ಧ ನಿಮಿಷ, ಕೆಲವು ಸಲ ಮೂರು ನಿಮಿಷ. ಕೈ ಸೋತು ಬೀಳುತ್ತೆ, ಸೊಳ್ಳೆ ಕಚ್ಚುತ್ತೆ, ಪಕ್ಕದ ತೋಟದಲ್ಲಿ ಯಾರೋ ಪಂಪ್‌ಸೆಟ್ ಹಾಕುತ್ತಾರೆ. ಆಮೇಲೆ ಇದ್ದಕ್ಕಿದ್ದ ಹಾಗೆ ನಾಲಿಗೆ ಹೊರಗೆ ಬರುತ್ತೆ, ಏನೋ ಜಗಿಯುವ ಹಾಗೆ ದವಡೆ ಆಡಿಸುತ್ತೆ, ತಲೆ ತಗ್ಗಿಸುತ್ತೆ, ಒಂದು ದೊಡ್ಡ ಆಕಳಿಕೆ. ಚಂಪಾ ಆಕಳಿಸಿದರೆ ನಾಲ್ಕೈದು ಸಲ ಒಟ್ಟಿಗೇ, ಕಣ್ಣುಗುಡ್ಡೆ ಮೇಲಕ್ಕೆ ಹೋಗುವಷ್ಟು. ಮೊದಲ ಸಲ ನೋಡಿದಾಗ ನಾನು ಹೆದರಿ ಚಾಚಾನನ್ನು ಕೂಗಿದ್ದೆ.

ಪುಸ್ತಕದ ಹುಳು ಆದ್ದರಿಂದ ನಾಡಿಯನ್ನೂ ಎಣಿಸುತ್ತೇನೆ. ಕುದುರೆಯ ನಾಡಿ ಸಿಗುವುದು ಕೆಳದವಡೆಯ ಅಂಚಿನಲ್ಲಿ, ಒಳಗಡೆ ಬೆರಳು ಇಟ್ಟರೆ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44. ನಮ್ಮದರ ಅರ್ಧ ಅನ್ನಿ. ಚಂಪಾಗೆ ಶುರುವಿನಲ್ಲಿ 42 ಇದ್ದದ್ದು ಒಂದು ದಿನ 34ಕ್ಕೆ ಇಳಿಯಿತು. ಒಂದು ಕುದುರೆ, ಒಂದು ದಿನ, ಇದರಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ 1993ರಲ್ಲೇ ಫ್ರಾನ್ಸಿನಲ್ಲಿ ಕಾಮಾರ್ಗ್ ಕುದುರೆಗಳ ಮೇಲೆ ಇಂಥದ್ದನ್ನು ಅಳೆದು ನೋಡಿದ್ದಾರೆ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಡುವ ಜಾಗ ಒಂದಿದೆ, ಕೊರಳ ಬುಡ ಮತ್ತು ಬೆನ್ನು ಸೇರುವ ಕಡೆ. ಅಲ್ಲಿ ಕೆರೆದರೆ ಹೃದಯದ ಬಡಿತ ಇಳಿಯುತ್ತೆ, ಬೇರೆ ಕಡೆ ಕೆರೆದರೆ ಹಾಗೆ ಇಳಿಯುವುದಿಲ್ಲ. ಇದನ್ನು ಓದಿದ ಮೇಲೆ ನಾನು ಕುದುರೆಯ ಕೊರಳನ್ನು ಪಟಪಟ ತಟ್ಟುವುದನ್ನು ಬಿಟ್ಟೆ. ಕುದುರೆಗಳು ಒಂದನ್ನೊಂದು ತಟ್ಟುವುದಿಲ್ಲ. ಶಭಾಷ್ ಅನ್ನಲು ನಾವು ಬೆನ್ನು ತಟ್ಟುತ್ತೇವೆ, ಅದು ನಮ್ಮ ಅಭ್ಯಾಸ.

ಇಲ್ಲಿ ಸ್ವಲ್ಪ ಜಗಳದ ಮಾತು. ಇಂಟರ್ನೆಟ್ಟಿನಲ್ಲಿ ಕುದುರೆ ಮಸಾಜ್ ಅಂತ ಹುಡುಕಿದರೆ "ಮೈಯಲ್ಲಿನ ವಿಷ ಹೊರಗೆ ಹೋಗುತ್ತದೆ", "ಲ್ಯಾಕ್ಟಿಕ್ ಆಸಿಡ್ ಕರಗುತ್ತದೆ" ಅಂತೆಲ್ಲ ಸಿಗುತ್ತೆ. ಲ್ಯಾಕ್ಟಿಕ್ ಆಸಿಡ್ ಓಟ ಮುಗಿದು ಒಂದೆರಡು ಗಂಟೆಯಲ್ಲಿ ತಾನಾಗಿ ಕಡಿಮೆಯಾಗುತ್ತೆ, ಅದಕ್ಕೆ ನಿಮ್ಮ ಕೈ ಬೇಕಿಲ್ಲ. ಅಂಗೈಯಿಂದ ಎಲ್ಲ ಕಾಯಿಲೆ ವಾಸಿ ಮಾಡುತ್ತೇನೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಜ್ವರ ಇದ್ದರೆ, ಹೊಸ ಗಾಯ ಇದ್ದರೆ, ಬಿಸಿಯಾಗಿ ಊದಿದ್ದರೆ, ಹೊಟ್ಟೆನೋವಿನಿಂದ ಹೊರಳುತ್ತಿದ್ದರೆ ಮಸಾಜ್ ಇಲ್ಲ, ಡಾಕ್ಟರ್ ಅಷ್ಟೇ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆನೋವು ಅಂದರೆ ಗಂಟೆಗಳ ಲೆಕ್ಕ. ಹುಳುಕಡ್ಡಿ ಇದ್ದರೆ ನಿಮ್ಮ ಕೈಯೇ ಅದನ್ನು ಮೂರೂ ಕುದುರೆಗೆ ಹಂಚುತ್ತೆ, ನಿಮಗೂ ಬರುತ್ತೆ. ಇನ್ನೊಂದು ಎಲ್ಲರೂ ಮೋಸ ಹೋಗುವಂಥದ್ದು: ದುಡಿದ ಮೇಲೆ ತೊಡೆ, ಸೊಂಟ ಕಲ್ಲಿನ ಹಾಗೆ ಬಿಗಿದು, ಬೆವತು, ಹೆಜ್ಜೆ ಕಿತ್ತಿಡಲು ಆಗದೆ ನಿಂತುಬಿಡುತ್ತೆ. ನೋಡಿದವರಿಗೆ ಉಜ್ಜೋಣ ಅನ್ನಿಸುತ್ತೆ. ಮೂತ್ರ ಕಾಫಿ ಬಣ್ಣಕ್ಕೆ ಬಂದಿದ್ದರಂತೂ ಅಲ್ಲಿ ಸ್ನಾಯುವೇ ಒಡೆಯುತ್ತಿದೆ ಅಂತ ಅರ್ಥ. ಉಜ್ಜಬೇಡಿ, ನಡೆಸಬೇಡಿ, ಫೋನ್ ಮಾಡಿ.

ಸರಿ, ಮೋತಿಗೆ ಬರುತ್ತೇನೆ. ಇಷ್ಟೆಲ್ಲ ಬರೆಯುತ್ತಿರುವುದು ಅವನಿಗಾಗಿಯೇ.

ಮೋತಿಯ ತಲೆಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಕಿವಿಗಳ ನಡುವೆ, ಸ್ವಲ್ಪ ಹಿಂದೆ, ತಲೆಬುರುಡೆ ಕೊರಳಿಗೆ ಕೂಡುವ ಜಾಗ ಇದೆಯಲ್ಲ, ಕೈ ಅಲ್ಲಿಗೆ ಹೋದರೆ ಸಾಕು, ತಲೆ ಮೇಲಕ್ಕೆಸೆದು ಹಿಂದಕ್ಕೆ ಹಾರುತ್ತಿದ್ದ. ಮದುವೆ ಕುದುರೆಯ ಜೀವನ ನೀವು ನೋಡಿರುತ್ತೀರಿ. ತಲೆಗೆ ಕುಚ್ಚು, ಕನ್ನಡಿ, ಜರಿ ಪಟ್ಟಿ, ಬಿಗಿದ ಕಡಿವಾಣ. ಪಕ್ಕದಲ್ಲಿ ಬ್ಯಾಂಡ್‌ಸೆಟ್, ಕಾಲ ಬುಡದಲ್ಲಿ ಸರಪಟಾಕಿ. ಕುದುರೆ ಓಡಿ ಬದುಕುವ ಪ್ರಾಣಿ. ಓಡುವ ಹಾಗಿಲ್ಲ, ನಿಲ್ಲಬೇಕು. ಓಡದ ಹಾಗೆ ಕಡಿವಾಣ ಎಳೆದು ಹಿಡಿದರೆ ಆ ಭಾರವೆಲ್ಲ ಹೋಗಿ ಕೂರುವುದು ಕಿವಿಯ ಹಿಂದೆ, ಪಟ್ಟಿ ಹಾದುಹೋಗುವಲ್ಲಿ. ಮೋತಿಗೆ ಅಲ್ಲಿ ಬಿಳಿ ಕೂದಲ ಕೆಳಗೆ ಕೂದಲೇ ಇಲ್ಲದ ಎರಡು ಬೆರಳಗಲದ ಗೆರೆ ಇದೆ.

ಮೊದಲಿಗೆ ನಾನು ಅವನ ಹತ್ತಿರ ಹೋಗುವುದನ್ನೇ ತಪ್ಪಾಗಿ ಮಾಡುತ್ತಿದ್ದೆ. ನೇರ ಮುಖದ ಎದುರಿಗೆ, ಕೈ ಚಾಚಿಕೊಂಡು. ಕುದುರೆಯ ಕಣ್ಣು ತಲೆಯ ಪಕ್ಕಕ್ಕಿದೆ. ಸುತ್ತಲೂ ಹೆಚ್ಚುಕಮ್ಮಿ 350 ಡಿಗ್ರಿ ಕಾಣುತ್ತೆ, ಕಾಣದಿರುವುದು ಹಣೆಯ ಮುಂದಿನ ಸ್ವಲ್ಪ ಜಾಗ ಮತ್ತು ಬಾಲದ ಹಿಂದೆ. ಅಂದರೆ ನಾನು ಪ್ರೀತಿಯಿಂದ ಹಣೆ ಸವರಲು ಹೋದಾಗ ನನ್ನ ಕೈ ಅವನಿಗೆ ಕಾಣೆಯಾಗಿ, ಹಠಾತ್ತನೆ ಚರ್ಮದ ಮೇಲೆ ಬಂದು ಬೀಳುತ್ತಿತ್ತು. ನನಗೆ ಯಾರಾದರೂ ಹಾಗೆ ಮಾಡಿದರೆ ನಾನೂ ಹಾರುತ್ತೇನೆ. ಈಗ ಎಡಭುಜದ ಕಡೆಯಿಂದ ಓರೆಯಾಗಿ, ಮಾತಾಡುತ್ತಾ ಹೋಗುತ್ತೇನೆ. ಏನು ಮಾತು ಅಂತಿಲ್ಲ, ಫಾರ್ಮಕಾಲಜಿ ಪಾಠ ಒಪ್ಪಿಸಿದ್ದೂ ಇದೆ.

ಚಾಚಾ ಕಲಿಸಿದ ಲೆಕ್ಕ ಹೀಗಿತ್ತು. ಕೈಯನ್ನು ಕೊರಳ ಮೇಲೆ ಇಡು. ಕಿವಿಯ ಕಡೆ ಒಂದು ಬೆರಳಷ್ಟು ಸರಿಸು. ಅವನು ತಲೆ ಎತ್ತುವುದಕ್ಕೆ *ಮುಂಚೆ* ಕೈ ತೆಗೆ. ಎತ್ತಿದ ಮೇಲೆ ತೆಗೆದರೆ, ತಲೆ ಎತ್ತಿದರೆ ಕೈ ಹೋಗುತ್ತೆ ಅಂತ ಕಲಿಯುತ್ತಾನೆ. ಮುಂಚೆ ತೆಗೆದರೆ, ಸುಮ್ಮನಿದ್ದರೂ ಕೈ ಹೋಗುತ್ತೆ ಅಂತ ಕಲಿಯುತ್ತಾನೆ. ಕೇಳಲು ಸುಲಭ. ಮುಂಚೆ ಅಂದರೆ ಯಾವಾಗ? ಅವನು ಎತ್ತದೆ ಇರುವಾಗ, ಎಲ್ಲವೂ ಚೆನ್ನಾಗಿರುವಾಗ, ನನಗೆ ಇನ್ನೂ ಮುಂದೆ ಹೋಗಬಹುದು ಅನ್ನಿಸುತ್ತಿರುವಾಗ. ಆಗಲೇ ತೆಗೆಯಬೇಕು. ಏಪ್ರಿಲ್, ಮೇ ಪೂರ್ತಿ ನಾನು ಪ್ರತಿ ಸಲವೂ ಒಂದು ಬೆರಳು ಜಾಸ್ತಿ ಹೋಗುತ್ತಿದ್ದೆ, ಅವನು ಹಾರುತ್ತಿದ್ದ, ಚಾಚಾ "ಆಸೆ, ಆಸೆ" ಅನ್ನುತ್ತಿದ್ದರು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡ ಅಂತ ಅವರು ಮೊದಲ ದಿನವೇ ಹೇಳಿದ್ದು ಒಳ್ಳೆಯದಾಯಿತು. ಸುತ್ತಿಕೊಂಡಿದ್ದರೆ ಬೆರಳುಗಳನ್ನು ಎಣಿಸಿಕೊಳ್ಳಬೇಕಾಗುತ್ತಿತ್ತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಗಾಜನೂರು ಕಡೆ ಮಳೆ ಅಂದರೆ ನಿಮಗೆ ಗೊತ್ತಲ್ಲ. ಲಾಯದ ನೆಲಕ್ಕೆ ಎಷ್ಟು ಭತ್ತದ ಹೊಟ್ಟು ಹಾಕಿದರೂ ಒದ್ದೆ. ಮಸಾಜ್ ಅನ್ನುವುದು ಬದಿಗೆ ಹೋಗಿ, ಗೊರಸು ಕೆರೆಯುವುದೇ ಕೆಲಸ ಆಯಿತು. ಗೊರಸಿನ ಅಡಿಯಲ್ಲಿ ಮೂರು ಮೂಲೆಯ ಮೆತ್ತನೆ ಭಾಗ ಇದೆ, ಒದ್ದೆಯಲ್ಲಿ ಅದು ಕೊಳೆತು ಕಪ್ಪಗೆ ನಾರುತ್ತೆ. ಆ ವಾಸನೆ ಒಮ್ಮೆ ಕೈಗೆ ಹತ್ತಿದರೆ ಹಾಸ್ಟೆಲ್ ಮೆಸ್ಸಿನಲ್ಲಿ ಯಾರೂ ಪಕ್ಕ ಕೂರುವುದಿಲ್ಲ. ಬೆನ್ನ ಮೇಲೆ ಮಳೆಗೆ ಚರ್ಮ ಹಕ್ಕಳೆ ಕಟ್ಟಿದ ಕಡೆಯಂತೂ ಮುಟ್ಟುವ ಹಾಗೇ ಇಲ್ಲ. ಉಂಬಳಗಳು ಬೇರೆ, ಕುದುರೆಗೂ ನನಗೂ ಭೇದ ಮಾಡಲಿಲ್ಲ. ಚಾಚಾಗೆ ಮಂಡಿನೋವು ಜಾಸ್ತಿ ಆಗಿ ಸ್ಟೂಲಿನ ಮೇಲೆ ಕೂತೇ ಹುಕುಂ ಹೊರಡಿಸುತ್ತಿದ್ದರು. ನಿಮಗೂ ಮಾಲೀಸು ಮಾಡಲಾ ಅಂತ ಕೇಳಿದ್ದಕ್ಕೆ, "ನಿನ್ನ ಹೆಬ್ಬೆರಳು ನಂಗೆ ಗೊತ್ತು, ಬೇಡ" ಅಂದರು.

ಹೋದ ಭಾನುವಾರ ಮಧ್ಯಾಹ್ನ ಜೋರು ಮಳೆ. ತಗಡಿನ ಮೇಲೆ ಬೀಳುವ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಮೋತಿ ಒಂದು ಹಿಂಗಾಲು ಸಡಿಲ ಬಿಟ್ಟು ನಿಂತಿದ್ದ. ನಾನು ಕೊರಳ ಮೇಲೆ ಕೈ ಇಟ್ಟೆ, ಒಂದು ಬೆರಳು, ತೆಗೆದೆ. ಎರಡು ಬೆರಳು, ತೆಗೆದೆ. ಹೀಗೆ ಎಷ್ಟು ಹೊತ್ತೋ. ಕೊನೆಗೊಮ್ಮೆ ಅಂಗೈ ಆ ಕೂದಲಿಲ್ಲದ ಗೆರೆಯ ಮೇಲಿತ್ತು. ಅಲ್ಲಿ ಚರ್ಮ ಬೇರೆ ಕಡೆಗಿಂತ ಬೆಚ್ಚಗಿರುತ್ತೆ ಅಂತ ನಾನು ಯಾಕೋ ಅಂದುಕೊಂಡಿದ್ದೆ, ಇರಲಿಲ್ಲ. ಅವನ ತಲೆ ನಿಧಾನಕ್ಕೆ ತಗ್ಗಿ ನನ್ನ ಹೊಟ್ಟೆಯ ಮಟ್ಟಕ್ಕೆ ಬಂತು. ತುಟಿ ಜೋತುಬಿತ್ತು. ಇನ್ನೊಂದು ಕೈಯನ್ನೂ ಇಡೋಣ, ಕಿವಿಯ ಬುಡವನ್ನೂ ಒಮ್ಮೆ ನೋಡೋಣ ಅನ್ನಿಸಿತು.

ಸ್ಟೂಲಿನ ಕಡೆ ನೋಡಿದೆ. ಚಾಚಾ ಈ ಕಡೆ ನೋಡುತ್ತಲೇ ಇರಲಿಲ್ಲ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

ಕೈ ತೆಗೆದೆ. ಮೋತಿ ಒಂದು ಗಳಿಗೆ ಹಾಗೇ ನಿಂತ. ಆಮೇಲೆ ನಾಲಿಗೆ ಹೊರಗೆ ಹಾಕಿ, ಜಗಿದು, ಮೈಯನ್ನೆಲ್ಲ ಒಮ್ಮೆ ಕೊಡವಿ, ನನ್ನ ಜರ್ಕಿನ್ ಜೇಬಿಗೆ ಮೂತಿ ಹಾಕಿದ. ಅಲ್ಲಿ ಫಾರ್ಮಕಾಲಜಿ ನೋಟ್ಸ್ ಇತ್ತು.